ಗೋಡೆ ಕಡೆಗೆ ಚೈನು

ಏಳು ಸಲ ತಿರುಗಿಸಿದ ಸ್ಕ್ರೂವನ್ನು ಎಂಟನೇ ಸಲ ತಿರುಗಿಸಿ, ಇಸ್ತ್ರಿ ಅಂಗಡಿಯ ಯಜಮಾನ ಮಗಳ ಸೈಕಲ್ಲಿನ ಪೆಡಲನ್ನು ಕೈಯಿಂದ ಸುತ್ತಿದ. ಚೈನು ಮೂರು ಹಲ್ಲುಚಕ್ರಗಳನ್ನು ಮರ್ಯಾದೆಯಾಗಿ ಹತ್ತಿತು. ನಾಲ್ಕನೆಯದಕ್ಕೆ ಬಂದದ್ದೇ ಕಟಕಟ ಅಂದು, ಹತ್ತಲೋ ಬೇಡವೋ ಎಂದು ಮೀನಮೇಷ ಎಣಿಸಿ, ಧಡಕ್ಕನೆ ಕೆಳಗೆ ಜಾರಿತು.

"ನಿನ್ನ ಮನೆ ಹಾಳಾಗ!" ಎಂದು ಬೈದ. ಸೈಕಲ್ಲಿನ ಮನೆ ಅಂದರೆ ತನ್ನದೇ ಮನೆ ಎಂಬುದು ನೆನಪಾಗಿ ಇನ್ನಷ್ಟು ರೇಗಿತು.

ಆಗಲೇ ಮಧ್ಯಾಹ್ನ ಎರಡು ಗಂಟೆ. ನಾಲ್ಕಕ್ಕೆ ಗುಡ್ಡದ ಬುಡದಲ್ಲಿ ಸೈಕಲ್ ತಂಡದ ಆಯ್ಕೆಯ ಪಂದ್ಯ. ಹನ್ನೊಂದು ಹುಡುಗಿಯರು ಗುಡ್ಡ ಹತ್ತುತ್ತಾರೆ, ಮೊದಲ ನಾಲ್ವರು ತಂಡಕ್ಕೆ. ಮುಂದಿನ ವರ್ಷ ಮಗಳ ವಯಸ್ಸು ಮೀರುತ್ತದೆ, ಹಾಗಾಗಿ ಅವಳಿಗೆ ಇದೇ ಕೊನೆಯ ಅವಕಾಶ.

ಎರಡು ತಿಂಗಳಿಂದ ಏರಿನ ನಡುವೆ ಹಿಂದಿನ ಗೇರು ಜಾರಿ ಅವಳು ಹಿಂದೆ ಬೀಳುತ್ತಿದ್ದಳು. "ಗೇರು ಜಾರುತ್ತೆ ಅಪ್ಪ" ಅಂದಾಗಲೆಲ್ಲ ಇವನು ಇಸ್ತ್ರಿ ಮಾಡುವ ಕಾಲರಿನಿಂದ ತಲೆಯನ್ನೂ ಎತ್ತದೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದುಬಿಡುತ್ತಿದ್ದ. ಇವತ್ತು ಬೆಳಿಗ್ಗೆ ಅವಳು ಬೂಟನ್ನು ಮಂಚದಡಿಗೆ ಒದ್ದು, "ನಾನು ಹೋಗಲ್ಲ. ನನ್ನ ಕಾಲಲ್ಲೇ ಶಕ್ತಿ ಇಲ್ಲ. ನೀವು ಹೇಳಿದ್ದೇ ನಿಜ" ಎಂದು ಮಲಗಿದಳು. ಗೆದ್ದ ವಾದ ಅವನಿಗೆ ಮುಳ್ಳಿನ ಹಾಗೆ ಚುಚ್ಚಿತು. ಇಸ್ತ್ರಿ ಆರಿಸಿ ಸ್ಪ್ಯಾನರ್ ಹಿಡಿದ.

ಗೇರಿಗೆ ಹೊಸ ಕೇಬಲ್ ಹಾಕಿದ. ಅದೂ ಕಟಕಟ ಅಂದಿತು. ಬಿಗಿ ಮಾಡಿದರೆ ಚೈನು ಹತ್ತುತ್ತಿತ್ತು, ಇಳಿಯಲೊಲ್ಲದು. ಸಡಿಲಿಸಿದರೆ ಇಳಿಯುತ್ತಿತ್ತು, ಹತ್ತಲೊಲ್ಲದು. ಅತ್ತ ದರಿ, ಇತ್ತ ಪುಲಿ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದದ್ದಕ್ಕೆ ಅವನ ಮೊಣಕೈವರೆಗೆ ಮಸಿಯಾಯಿತೇ ಹೊರತು ಬೇರೇನೂ ಆಗಲಿಲ್ಲ.

ಹೆಂಡತಿ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಬಂದಳು. "ಸೈಕಲ್ ಆ ಕಡೆ ತಿರುಗಿಸ್ರೀ, ಬಟ್ಟೆಗೆ ಮಸಿ ಆಗುತ್ತೆ."

ಅದು ಅವನೇ ಮಾಡಿದ ಕಾನೂನು. ಅಂಗಡಿಯೊಳಗೆ ಸೈಕಲ್ಲು ಚೈನಿನ ಮಗ್ಗುಲನ್ನು ಗೋಡೆಗೆ ಕೊಟ್ಟೇ ನಿಲ್ಲಬೇಕು. ಓಡಾಡಲು ಜಾಗ ಸಾಲದೆಂದು ಅವನು ದಿನವೂ ಮೊಣಕಾಲು ಕೊಟ್ಟು ಅದನ್ನು ಗೋಡೆಗೆ ಒತ್ತುತ್ತಿದ್ದ. ಈಗಲೂ ಒತ್ತಿದ. ಗೋಡೆಯಿಂದ ಒಂದಿಷ್ಟು ಸುಣ್ಣ ಉದುರಿತು.

ಸೈಕಲ್ ಸರಿಸಿ ನೋಡಿದ. ಗೋಡೆಯಲ್ಲಿ ಅಂಗೈಯಗಲ ಮಸಿ, ನಡುವೆ ಬೆರಳು ಹೋಗುವಷ್ಟು ಕುಳಿ. ಕುಳಿ ಇದ್ದದ್ದು ಸರಿಯಾಗಿ ಹಿಂದಿನ ಗೇರಿನ ಎತ್ತರಕ್ಕೆ. ಚಕ್ರದ ಹಿಂದೆ ಕೂತು, ಒಂದು ಕಣ್ಣು ಮುಚ್ಚಿ, ಪ್ಯಾಂಟಿನ ಗೆರೆ ನೋಡುವ ಹಾಗೆ ನೋಡಿದ. ಗೇರನ್ನು ಹಿಡಿದಿರುವ ಹೆಬ್ಬೆರಳಿನಷ್ಟು ಲೋಹದ ತುಂಡು ಒಳಕ್ಕೆ ಬಗ್ಗಿತ್ತು. ನೆಲ ನಿಜಕ್ಕೂ ಡೊಂಕಾಗಿತ್ತು, ಡೊಂಕು ಮಾಡಿದವನು ಅವನೇ.

ಮುರಿದರೆ ಕಥೆ ಮುಗಿದಂತೆ. ತುಂಡನ್ನು ಸ್ಪ್ಯಾನರಿನಲ್ಲಿ ಕಚ್ಚಿಸಿ ಕೂದಲೆಳೆಯಷ್ಟು ಹೊರಕ್ಕೆ ಎಳೆದ. ನೋಡಿದ. ಮತ್ತೆ ಎಳೆದ. ತಾನೇ ಕೆಡಿಸಿದ್ದ ಸ್ಕ್ರೂವನ್ನು ಹದಕ್ಕೆ ತಂದು ಪೆಡಲು ಸುತ್ತಿದ. ಚೈನು ಎಂಟೂ ಚಕ್ರಗಳನ್ನು ತುಟಿಪಿಟಿಕ್ಕೆನ್ನದೆ ಹತ್ತಿ ಇಳಿಯಿತು.

ಓಡಿಹೋಗಿ ಮಗಳನ್ನು ಎಬ್ಬಿಸಿದ. "ಏಳಮ್ಮಾ. ನಿನ್ನ ಕಾಲಲ್ಲಿ ಏನೂ ತಪ್ಪಿಲ್ಲ. ದಿನಾ ಗೋಡೆಗೆ ಒತ್ತಿ ಒತ್ತಿ ಗೇರು ಬಗ್ಗಿಸಿದ್ದು ನಾನು."

ಅವಳು ಅವನ ಮುಖವನ್ನೇ ನೋಡಿದಳು. "ಎರಡು ತಿಂಗಳು ನಾನು ಯಾತಕ್ಕೂ ಬಾರದವಳು ಅಂದ್ಕೊಂಡಿದ್ನಲ್ಲಪ್ಪ!"

ಅವನು ಮಂಚದಡಿಗೆ ಬಗ್ಗಿ ಬೂಟು ತೆಗೆದುಕೊಟ್ಟ. ಅವಳು ಹೋಗಿಬರುತ್ತೇನೆ ಎಂದೂ ಹೇಳದೆ ಹೊರಟಳು.

ಆರು ಗಂಟೆಗೆ ಬಂದವಳು ಅಭ್ಯಾಸಬಲದಿಂದ ಚೈನನ್ನು ಗೋಡೆಯ ಕಡೆ ಮಾಡಿದಳು. "ಹಾಗಲ್ಲ, ಹಾಗಲ್ಲ!" ಎಂದು ಅವನೇ ಹಾರಿಬಂದು ತಿರುಗಿಸಿದ. ತಿರುಗಿಸಿದ ರಭಸಕ್ಕೆ, ನೇತುಹಾಕಿದ್ದ ಗಿರಾಕಿಯ ಬಿಳಿ ಅಂಗಿಗೆ ಚೈನು ಗೇಣುದ್ದ ಮಸಿ ಬಳಿಯಿತು. ತಾಯಿ ಮಗಳು ಇಬ್ಬರೂ ಅವನ ಬೈಗುಳಕ್ಕೆ ಕಾಯುತ್ತ ನಿಂತರು. ಅವನು ಅಂಗಿಯನ್ನು ತೆಗೆದು ಬಕೆಟ್ಟಿಗೆ ಹಾಕಿ, ಕುಕ್ಕರುಗಾಲಲ್ಲಿ ಕೂತು ಸೋಪು ಉಜ್ಜತೊಡಗಿದ.

"ಎಷ್ಟನೆಯವಳು?" ಎಂದ.

"ಐದು."

ಅವನ ಕೈ ನಿಂತಿತು. "ಮತ್ತೆ ಜಾರಿತಾ?"

"ಇಲ್ಲಪ್ಪ, ಒಂದು ಸಲಾನೂ ಇಲ್ಲ." ಅವಳು ಬೂಟಿನ ದಾರ ಬಿಚ್ಚುತ್ತಿದ್ದಳು. "ಕೊನೇ ತಿರುವಲ್ಲಿ, ಈಗ ಜಾರುತ್ತೆ ಅಂತ ಹೆದರಿ ನಾನೇ ಸೈಕಲ್ಲಿಂದ ಇಳಿದುಬಿಟ್ಟೆ."

ಅವನು ಮತ್ತೆ ಉಜ್ಜತೊಡಗಿದ. ಸ್ವಲ್ಪ ಹೊತ್ತಿಗೆ ಅಂಗಿಯ ಮಸಿ ಪೂರ್ತಿ ಹೋಯಿತು. ಅವನು ಉಜ್ಜುತ್ತಲೇ ಇದ್ದ.