ಕನ್ನಡಕ ತೆಗೆದ ರಾಕ್ಷಸರಾಜ

ಮುನೀಂದ್ರ ಕನ್ನಡಕ ತೆಗೆದನೆಂದರೆ ಎದುರಿಗಿರುವುದು ಎಮ್ಮೆಯೋ ಮೋಟರ್ ಬೈಕೋ ಎಂದು ಮುಟ್ಟಿಯೇ ನೋಡಬೇಕು. ಕೆಲಸ ಹೊಸೂರಿನ ಕಾರ್ಖಾನೆಯಲ್ಲಿ, ಮನೆ ಡೆಂಕಣಿಕೋಟೆ ಪಕ್ಕದ ಹಳ್ಳಿಯಲ್ಲಿ. ಊರಿನ ಪೌರಾಣಿಕ ನಾಟಕದಲ್ಲಿ ವರ್ಷವರ್ಷವೂ ಅವನೇ ರಾಕ್ಷಸರಾಜ. ಕಿರೀಟ, ಭುಜಕೀರ್ತಿ, ಹುರಿಮೀಸೆ ಎಲ್ಲ ಏರಿಸಿದ ಮೇಲೆ ಮೂಗಿನ ಮೇಲೆ ಕನ್ನಡಕ ಇಡುವುದುಂಟೇ? ಹೋದ ವರ್ಷ ಗದೆ ಎತ್ತಿ ಯುದ್ಧಕ್ಕೆ ಕರೆದದ್ದು ನಾಯಕನನ್ನಲ್ಲ, ಪರದೆ ಎಳೆಯುವ ಕೆಂಪರಾಜುವನ್ನು. ಅವನು ಹೆದರಿ ಹಗ್ಗ ಬಿಟ್ಟು ಓಡಿದ, ಪರದೆ ದಡಕ್ಕನೆ ಬಿತ್ತು. ಜನ ಅದೂ ಕಥೆಯೇ ಅಂದುಕೊಂಡು ಶಿಳ್ಳೆ ಹೊಡೆದರು.

ಈ ವರ್ಷ ಈ ಪಾಡು ಬೇಡವೆಂದು ಹೊಸೂರಿನ ಕಣ್ಣಾಸ್ಪತ್ರೆಗೆ ಹೋದ. ಯಂತ್ರದ ಮೇಲೆ ಗಲ್ಲವಿಟ್ಟ, ಹನಿ ಹಾಕಿಸಿಕೊಂಡ, ಮಗುವಿನ ಹಾಗೆ ಕಾತರದಿಂದ ಕಾದ. ಡಾಕ್ಟರಮ್ಮ ತಮಿಳಲ್ಲಿ ಶುರುಮಾಡಿ, ಇವನ ಮಾತು ಕೇಳಿ ಕನ್ನಡಕ್ಕೆ ತಿರುಗಿದರು.

"ಪವರ್ ಏರ್ತಾ ಇಲ್ಲ, ಕಣ್ಣಿನ ಮೇಲ್ಪದರ ಕಾರ್ನಿಯಾನೂ ಸಾಕಷ್ಟು ದಪ್ಪ ಇದೆ. ಲೇಸರ್ ಮಾಡಿ ಕನ್ನಡಕ ಬಿಡಿಸಬಹುದು. ಕೆಲವರಿಗೆ ಸ್ವಲ್ಪ ಕಾಲ ಕಣ್ಣು ಒಣಗುತ್ತೆ, ರಾತ್ರಿ ದೀಪದ ಸುತ್ತ ಬಳೆ ಥರ ಕಾಣುತ್ತೆ. ಬೇಕೋ ಬೇಡವೋ ನೀವೇ ಹೇಳಬೇಕು."

ಮುನೀಂದ್ರನ ಎದೆ ಕುಣಿಯಿತು. ಕುಣಿಯುತ್ತಿದ್ದ ಹಾಗೆಯೇ, ಯಾರಿಗೂ ಹೇಳದ ಒಂದು ಭಯವೂ ಎದ್ದು ನಿಂತಿತು. ರಂಗದಿಂದ ಇಳಿದು ಕನ್ನಡಕ ಹಾಕಿಕೊಂಡ ರಾಕ್ಷಸರಾಜ ನಾಲ್ಕು ಜನರ ಮುಂದೆ ಬಾಯಿ ಬಿಡಲಾರ. ಕಾರ್ಖಾನೆಯ ಮೀಟಿಂಗಿನಲ್ಲಿ ತನ್ನ ಹೆಸರು ಹೇಳುವುದಕ್ಕೂ ತೊದಲುತ್ತಾನೆ. ರಂಗದ ಮೇಲೆ ಜನವೆಲ್ಲ ಬರೀ ಮಬ್ಬು, ಮುಖಗಳೇ ಇಲ್ಲ, ಅದಕ್ಕೇ ಗಂಟಲು ಬಿಚ್ಚಿಕೊಳ್ಳುತ್ತದೆ. ಕಣ್ಣು ಬಂದು ಪಾತ್ರ ಹೋದರೆ? ಅವನು ತಲೆಯೆತ್ತಿ ನಿಲ್ಲುವ ಜಾಗ ಅದೊಂದೇ.

ನಾಚಿಕೆ ಬಿಟ್ಟು ಹೇಳಿಯೇ ಬಿಟ್ಟ. ಡಾಕ್ಟರಮ್ಮ ನಗಲಿಲ್ಲ.

"ಹಾಗಾದ್ರೆ ಲೆನ್ಸ್ ಹಾಕಿಕೊಂಡು ಒಂದು ಸಲ ಆಡಿ ನೋಡಿ. ಲೆನ್ಸ್ ಆದ್ರೆ ತೆಗೆದಿಡಬಹುದು. ಲೇಸರ್ ಆದಮೇಲೆ ಹಳೇ ಕಣ್ಣು ವಾಪಸ್ ಬರಲ್ಲ. ಆಮೇಲೂ ಲೇಸರ್ ಬೇಕು ಅನ್ನಿಸಿದ್ರೆ ಲೆನ್ಸ್ ಬಿಟ್ಟು ಕೆಲವು ವಾರ ಕಾದು, ಮತ್ತೆ ಟೆಸ್ಟಿಗೆ ಬನ್ನಿ."

ಭಾನುವಾರ ಮಧ್ಯಾಹ್ನ ಭಜನೆಮನೆಯ ಮುಂದೆ ವೇಷ ಕಟ್ಟಿ ತಾಲೀಮು. ನೋಡಲು ಅರ್ಧ ಊರೇ ಸೇರಿತ್ತು.

"ಯಾಕ್ಲಾ ಕಣ್ಣು ಪಿಳಿಪಿಳಿ ಅಂತೀಯಾ, ಮೀಸೆ ಗೋಂದು ಕಣ್ಗೆ ಹೋಗ್ಬುಡ್ತಾ?" ಎಂದು ಹಾರ್ಮೋನಿಯಂ ಮೇಷ್ಟ್ರು ಬಚ್ಚಪ್ಪ ಕೇಳಿದರು.

"ಲೆನ್ಸು ಮೇಷ್ಟ್ರೇ. ಇವತ್ತು ಎಲ್ಲಾ ಕಾಣ್ತದೆ."

ಎಲ್ಲವೂ ಕಂಡಿತು. ಅಂಗಡಿಯವನ ಬಾಯಲ್ಲಿನ ಎಲೆಅಡಿಕೆ ಕಂಡಿತು. ರಾಕ್ಷಸನೆಂದು ನಿಜವಾಗಿ ಸಿಟ್ಟುಗೊಂಡು ನೆಟಿಕೆ ಮುರಿಯುತ್ತಿದ್ದ ಮುದುಕಿ ರಾಮಕ್ಕ ಕಂಡಳು. ಮುನೀಂದ್ರನ ಮೊದಲ ಮಾತು ಹೇಗೋ ಹೊರಬಿತ್ತು, ಎರಡನೆಯದು ಮರೆತೇ ಹೋಯಿತು. ಬಚ್ಚಪ್ಪ ಶ್ರುತಿ ಹಿಡಿದು ಕಾದರು. ಮುಗಿಯಿತು ನನ್ನ ಕಥೆ ಅಂದುಕೊಂಡು ಅವನು ಮುಂದಿನ ಸಾಲಿನತ್ತ ನೋಡಿದ.

ಅಲ್ಲಿ ಹೆಂಡತಿ ಗಂಗಾದೇವಿ ಕೂತಿದ್ದಳು. ಪ್ರತಿವರ್ಷ ಅಲ್ಲೇ ಕೂರುತ್ತಾಳೆ, ಹೇಗಿತ್ತು ಎಂದರೆ "ನಿದ್ದೆ ಬಂದ್ಬುಡ್ತು, ನೋಡ್ಲಿಲ್ಲ" ಅನ್ನುತ್ತಾಳೆ. ಅವನು ಅದನ್ನು ನಂಬಿದ್ದ. ಈಗ ನೋಡಿದರೆ ಅವಳ ತುಟಿ ಅಲುಗುತ್ತಿತ್ತು. ಅವನು ಮರೆತ ಮಾತು ಅವಳ ತುಟಿಯ ಮೇಲಿತ್ತು. ಗತ್ತಿಗೆ ತಕ್ಕ ಹಾಗೆ ಹುಬ್ಬು ಕೂಡ ಏರುತ್ತಿತ್ತು. ಅವನು ಆ ಮಾತನ್ನು ಅಲ್ಲಿಂದಲೇ ಎತ್ತಿಕೊಂಡ. ಆಮೇಲೆ ಅಬ್ಬರಿಸಿದ ಅಬ್ಬರಕ್ಕೆ ಭಜನೆಮನೆಯ ಪಾರಿವಾಳಗಳು ಹಾರಿಹೋದವು. ಗದೆ ಈ ಸಲ ನೇರ ನಾಯಕನ ಕಡೆಗೇ ತಿರುಗಿತು.

ತಾಲೀಮು ಮುಗಿದದ್ದೇ ಕಿರೀಟದ ಸಮೇತ ಅವಳ ಹತ್ತಿರ ಬಂದ. ಖುಷಿಗೆ ಮೈಯೆಲ್ಲ ಬಿಸಿಯಾಗಿತ್ತು.

"ನಿದ್ದೆ ಅಂತಿದ್ಯಲ್ಲೇ. ಪಾತ್ರವೆಲ್ಲ ಬಾಯಿಪಾಠ ಐತೆ ನಿಂಗೆ."

ಗಂಗಾದೇವಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಅಷ್ಟೂ ಜನದ ಮಧ್ಯೆ ನಂಗೂ ನಾಚ್ಕೆ. ನಿಮ್ಗೆ ಕಾಣಾಕಿಲ್ಲ ಅನ್ನೋ ಧೈರ್ಯದಾಗೆ ಹೇಳ್ತಿದ್ದೆ."

ಅವನು ಕೈಯಲ್ಲಿದ್ದ ಗದೆ ಕೆಳಗಿಟ್ಟ.

"ಲೇಸರ್ ಮಾಡಿಸ್ಕೊತೀನಿ," ಎಂದ. "ಇನ್ಮೇಲೆ ನಂಗೆ ಕಾಣ್ತದೆ. ನೀನು ಮಾತ್ರ ನಿಲ್ಲಿಸ್ಬ್ಯಾಡ."

ಅವಳು ಸೆರಗನ್ನು ಬಾಯಿಂದ ತೆಗೆದಳು. ಭಾನುವಾರ ಯಾರೂ ಎತ್ತುವುದಿಲ್ಲವೆಂದು ಗೊತ್ತಿದ್ದೂ, ರಾಕ್ಷಸರಾಜ ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಹಚ್ಚಿದ.