ಒಡೆಯದ ಕನ್ನಡಿ

ನಾನು ಒಂದು ಕಂಚಿನ ಕನ್ನಡಿ. ಗಾಜಿನ ಕನ್ನಡಿಯನ್ನು ಯಾರೂ ಕಾಣದ ಕಾಲದಲ್ಲಿ ಒಬ್ಬ ಕಂಚುಗಾರನ ಕುಲುಮೆಯಲ್ಲಿ ಹುಟ್ಟಿದೆ. ತನ್ನ ಮೂಗಿನ ಮೇಲಿನ ಬೆವರ ಹನಿ ನನ್ನಲ್ಲಿ ಕಾಣುವತನಕ ಅವನು ನನ್ನನ್ನು ತಿಕ್ಕಿದ. ಆಮೇಲೆ ಒಬ್ಬ ರಾಣಿಯ ಕೋಣೆ ಸೇರಿದೆ. ಅಲ್ಲಿ ದಾಸಿ ದಿನಾ ಬೂದಿ ಹಚ್ಚಿ ಉಜ್ಜುತ್ತಿದ್ದಳು. ನಾಲ್ಕು ದಿನ ಬಿಟ್ಟರೆ ನಾನು ಮಂಕು. ಪರರ ಮುಖ ತೋರಿಸಲು ನನ್ನ ಮೈ ಸವೆಯಬೇಕಿತ್ತು.

ಅರಮನೆ ಬಿತ್ತು, ನಾನು ಮಣ್ಣು ಸೇರಿದೆ. ಎಷ್ಟೋ ಶತಮಾನಗಳ ಮೇಲೆ ನೇಗಿಲಿಗೆ ಸಿಕ್ಕಿ ಮೇಲೆ ಬಂದಾಗ ಯಾರಿಗೂ ನನ್ನ ಗುರುತು ಹತ್ತಲಿಲ್ಲ. ಒಂದು ಮನೆಯಲ್ಲಿ ಕಾಳಿನ ಗಡಿಗೆಯ ಮುಚ್ಚಳವಾದೆ, ಆಮೇಲೆ ಧಾರವಾಡದ ಗುಜರಿ ಅಂಗಡಿಯಲ್ಲಿ ಬಿದ್ದಿದ್ದೆ. ಕಾದಂಬರಿಕಾರ ರುದ್ರಮುನಿಯವರು ಹಳೆಯ ಕಾಲದ ಕನ್ನಡಿಯೆಂದು ಗುರುತಿಸಿ ನನ್ನನ್ನು ಕೊಂಡು ತಂದು ಮೇಜಿನ ಮೇಲಿಟ್ಟರು.

ಅವರು ಹತ್ತು ವರ್ಷದಿಂದ ಪ್ರಾಚೀನ ಕಾಲದ ರಾಣಿಯೊಬ್ಬಳ ಕಥೆ ಬರೆಯುತ್ತಿದ್ದರು. ಕೊನೆಯ ದೃಶ್ಯವೆಂದರೆ ಅವರಿಗೆ ಪ್ರಾಣ. ಗಂಡ ಯುದ್ಧದಲ್ಲಿ ಸತ್ತ ಸುದ್ದಿ ಕೇಳಿ ರಾಣಿ ಕನ್ನಡಿಯನ್ನು ನೆಲಕ್ಕೆ ಅಪ್ಪಳಿಸುತ್ತಾಳೆ. ನೂರು ಚೂರುಗಳಲ್ಲಿ ನೂರು ಮುಖಗಳು ಅಳುತ್ತವೆ. ಮನೆಗೆ ಬಂದವರಿಗೆಲ್ಲ ಅದನ್ನೇ ಓದಿ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಸಾಕಾಗಿತ್ತು. ಪ್ರಕಾಶಕರೋ ಹಸ್ತಪ್ರತಿಗಾಗಿ ದುಂಬಾಲು ಬಿದ್ದಿದ್ದರು.

ಒಂದು ದಿನ ರುದ್ರಮುನಿಯವರು ಹೆಂಡತಿ ಸುಲೋಚನಾಗೆ ಆ ದೃಶ್ಯವನ್ನು ಅಭಿನಯಿಸುತ್ತ ಓದುವಾಗ ಅವರ ಕೈ ಬಡಿದು ನಾನು ಕೆಳಗೆ ಬಿದ್ದೆ. ಠಣ್ಣೆಂದು ಸದ್ದು ಮಾಡಿ ಮಂಚದಡಿ ಉರುಳಿದೆ.

"ಇದು ಒಡೀಲಿಲ್ಲಲ್ರೀ! ನಿಮ್ಮ ರಾಣೀದು ಹೆಂಗ ಒಡೀತು?"

"ಓದೋರಿಗೆ ಅದೆಲ್ಲಾ ಏನ್ ಗೊತ್ತಾಕ್ಕೈತಿ, ಬಿಡು."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೆ ಅಂದು ಅವರಿಗೆ ಊಟ ಸೇರಲಿಲ್ಲ. ಆ ದೃಶ್ಯ ಹೋದರೆ ಹತ್ತು ವರ್ಷದ ಬರಹಕ್ಕೆ ಕೊನೆಯೇ ಇರಲಿಲ್ಲ.

ಮರುದಿನ ಪ್ರಕಾಶಕರಿಗೆ ತಡವಾಗುತ್ತದೆಂದು ಹೇಳಿ, ಗ್ರಂಥಾಲಯ, ವಸ್ತುಸಂಗ್ರಹಾಲಯ ಎಂದು ಅಲೆದರು. ಅಂದಿನ ಕನ್ನಡಿ, ದೀಪ, ಬಟ್ಟೆ ಎಲ್ಲವನ್ನೂ ಕೇಳಿ, ನೋಡಿ, ದಣಿದು ಬಂದರು. ಕೊನೆಗೆ ತಾವೇ ಬೂದಿ ತಂದು ನನ್ನನ್ನು ಉಜ್ಜಿದರು. ಆಮೇಲೆ ಹಾಗೇ ಬಿಟ್ಟು, ತಮ್ಮ ಮುಖ ದಿನದಿನಕ್ಕೆ ಮಸುಕಾಗುವುದನ್ನು ನೋಡುತ್ತ ಕುಳಿತರು.

ಹೊಸ ದೃಶ್ಯದಲ್ಲಿ ರಾಣಿ ಏನನ್ನೂ ಒಡೆಯುವುದಿಲ್ಲ. ದಾಸಿಗೆ, "ಇನ್ನು ಇದನ್ನು ಉಜ್ಜಬೇಡ" ಎನ್ನುತ್ತಾಳೆ, ಅಷ್ಟೇ. ದಿನವೂ ಬಂದು ಕನ್ನಡಿಯ ಮುಂದೆ ಕೂರುತ್ತಾಳೆ. ಒಂದು ದಿನ ಅದರಲ್ಲಿ ಅವಳು ಇರುವುದಿಲ್ಲ.

ಅದನ್ನು ಓದಿ ಹೇಳಿದಾಗ ಸುಲೋಚನಾ, "ಈಗ ಆಕಿ ಖರೇನ ಇದ್ಲು ಅನಸ್ತೈತ್ರೀ" ಎಂದರು.

ಪುಸ್ತಕ ಅಚ್ಚಾಯಿತು. ನಾನೀಗ ಕಪಾಟಿನ ಮೂಲೆಯಲ್ಲಿದ್ದೇನೆ. ಉಜ್ಜುವವರಿಲ್ಲ, ಅದೇ ನನಗೆ ಸುಖ. ನನ್ನ ರಾಣಿ ನಿಜಕ್ಕೂ ಹಾಗೆ ಹೇಳಿದ್ದಳೇ? ನೆನಪಿಲ್ಲ. ಹೇಳಿದ್ದರೂ ಹೇಳಿರಬಹುದು. ಒಡೆದಳು ಎಂದರೆ ಮಾತ್ರ ನಂಬಬೇಡಿ, ನಾನಿನ್ನೂ ಇದ್ದೇನಲ್ಲ.