ತಿರುಗಿ ಹಚ್ಚಿದ ಫೋನು

ಬೆಳ್ಳಟ್ಟಿಯ ಜಾಸ್ಮಿನಳಿಗೆ ಕಾಲೇಜು ಬೇಕಾಗಿತ್ತು, ಕಾಲೇಜಿಗೆ ಬಸ್ಸು ಬೇಕಾಗಿತ್ತು. ಮುಂಡರಗಿ ಕಡೆಯಿಂದ ಬರುವ ಮುಂಜಾನೆಯ ಬಸ್ಸು ಮಾತ್ರ ಊರಿನ ಸ್ಟ್ಯಾಂಡಿನಲ್ಲಿ ನಿಲ್ಲದೆ, ಕೈ ಅಡ್ಡ ಹಿಡಿದವರ ಮುಖಕ್ಕೆ ಧೂಳು ಹೊಡೆದು ಕಾಲೇಜಿದ್ದ ಲಕ್ಷ್ಮೇಶ್ವರಕ್ಕೆ ಹೋಗಿಬಿಡುತ್ತಿತ್ತು. ಗೆಳತಿ ಶಿವಲಕ್ಷ್ಮಿ ಆಗಲೇ ಮನೆಯಲ್ಲಿ ಕೂತಿದ್ದಳು. "ಬಸ್ಸ ನಿಲ್ಲಂಗಿಲ್ಲ, ಹುಡುಗಿನ್ನ ಹೆಂಗ ಕಳಸೂದು?" ಎಂದು ಅವಳಪ್ಪ ಪುಂಡಲೀಕಪ್ಪ ಕಾಲೇಜು ಬಿಡಿಸಿದ್ದ. ಜಾಸ್ಮಿನಳ ಅಪ್ಪ ಗೌಸಸಾಬ ಇನ್ನೂ ಬಿಡಿಸಿರಲಿಲ್ಲ. ಆದರೆ, "ಇಬ್ಬರು ಕೂಡಿ ಹೋಗೂದಾದ್ರ ಹೋಗ್ರಿ, ಒಬ್ಬಾಕಿನ್ನ ನಾ ಕಳಸಾಂವಲ್ಲ" ಎಂದು ಖಡಾಖಂಡಿತ ಹೇಳಿದ್ದ. ಶಿವಲಕ್ಷ್ಮಿ ತಿರುಗಿ ಬರದಿದ್ದರೆ ಜಾಸ್ಮಿನಳ ಓದೂ ನಿಂತಂತೆಯೇ.

ಮನೆಗೊಂದು ಫೋನು ಇದ್ದರೆ ಅದೇ ಹೆಚ್ಚೆನ್ನುವ ಕಾಲ ಅದು. ಗದಗಿನ ಯುವಕರ ಸಂಘವೊಂದರ ನಯಾಜ ಊರಿಗೆ ಬಂದು ಒಂದು ನಂಬರು ಕೊಟ್ಟ.

"ಬಸ್ಸ ಬೇಕನ್ನಾವ್ರೆಲ್ಲ ಇದಕ್ಕ ಒಂದ ಮಿಸ್ ಕಾಲ್ ಕೊಡ್ರಿ. ರೊಕ್ಕ ಹೋಗಂಗಿಲ್ಲ, ಒಂದ ರಿಂಗಿಗೆ ತಾನ ಕಟ್ ಆಗ್ತೈತಿ. ಎಷ್ಟ ಮಂದಿ ಕೊಟ್ರು ಅಂತ ಮಷಿನ್ನ ಎಣಸ್ತೈತಿ. ಅದನ್ನ ಬಸ್ ಡಿಪೋದ ಸಾಹೇಬರಿಗೆ ತೋರ್ಸೂಣು."

ಹುಡುಗರಿಗೆ ಹುರುಪೋ ಹುರುಪು. ಜಾಸ್ಮಿನ ನಂಬರನ್ನು ಬಾಯಿಪಾಠ ಮಾಡಿಕೊಂಡು ಓಣಿ ಓಣಿ ತಿರುಗಿ ಹೇಳಿಬಂದಳು. ಮೊದಲ ದಿನ ಮಷಿನ್ನಿಗೆ ಪುರುಸೊತ್ತಿರಲಿಲ್ಲ. ಮರುದಿನದಿಂದ ಅದು ಸುಮ್ಮನಾಯಿತು. ಅಷ್ಟೇ ಅಲ್ಲ, ಜನ ಜಾಸ್ಮಿನಳನ್ನು ಕಂಡರೆ ಮುಖ ತಿರುಗಿಸತೊಡಗಿದರು. ನಳದ ಹತ್ತಿರ ಸಿಕ್ಕ ಮುತ್ತವ್ವ ಕೊಡ ಇಳಿಸಿಯೇ ಜಗಳಕ್ಕೆ ನಿಂತಳು.

"ನಾ ಮಿಸ್ ಕಾಲ್ ಕೊಟ್ಟ ದಾರಿ ಕಾದಿದ್ದ ಕಾದಿದ್ದು. ನಿಮ್ಮ ಮಂದಿ ತಿರುಗಿ ಹಚ್ಚಲೇ ಇಲ್ಲ! ಒಂದ ಫೋನ್ ಮಾಡಾಕ ಆಗದಾವ್ರು ಬಸ್ಸ ತರ್ತಾರ?"

ಜಾಸ್ಮಿನಳಿಗೆ ತಲೆಗೆ ಮೊಟಕಿದಂತಾಯಿತು. ಗದಗಿನ ಜಾಣರಿಗೆ ಹೊಳೆಯದಿದ್ದರೆ ಹೋಗಲಿ, ಈ ಊರಲ್ಲಿ ಹುಟ್ಟಿದ ತನಗಾದರೂ ಹೊಳೆಯಬೇಡವೇ? ಇಲ್ಲಿ ಮಿಸ್ ಕಾಲ್ ಎಂದರೆ 'ನೀವ ಹಚ್ರಿ, ಮಾತಾಡೂದೈತಿ' ಎಂದರ್ಥ. ಗಾದಿ ಹೊಲಿಯುವ ಗೌಸಸಾಬನ ದಂಧೆಯೇ ಅದರ ಮೇಲೆ ನಡೆಯುತ್ತಿತ್ತು. ಗಿರಾಕಿ ಒಂದು ರಿಂಗು ಕೊಟ್ಟು ಇಟ್ಟರೆ ಸಾಕು, ಸೂಜಿಯನ್ನು ಗಾದಿಗೇ ಚುಚ್ಚಿಟ್ಟು ತಿರುಗಿ ಹಚ್ಚುತ್ತಿದ್ದ. ಹಚ್ಚದೆ ಇರುವುದೆಂದರೆ ಬಾಗಿಲಿಗೆ ಬಂದು ಕೂಗಿದವರಿಗೆ ಓ ಎನ್ನದೆ ಒಳಗೆ ಕೂತಂತೆ.

ನಯಾಜನಿಂದ ನಂಬರುಗಳನ್ನೆಲ್ಲ ಇಸಿದುಕೊಂಡು, ಸಂಜೆ ಅಪ್ಪ ನಮಾಜಿಗೆ ಹೋದಾಗ ಅವನ ಫೋನು ಹಿಡಿದು ಕೂತಳು. ಯಾರು ಎತ್ತುತ್ತಾರೋ, ಏನನ್ನುತ್ತಾರೋ. ಎತ್ತಿದವರು ಮಾತ್ರ ಇಡಲೊಲ್ಲರು. ಮುತ್ತವ್ವನಿಗೆ ಕಣ್ಣಿನ ದವಾಖಾನೆಗೆ ಹೋಗಬೇಕಿತ್ತು. ಮಾಳಿಂಗರಾಯನ ಬದನೆಕಾಯಿ ಸಂತೆ ಮುಟ್ಟುವಷ್ಟರಲ್ಲಿ ಬಾಡುತ್ತಿತ್ತು. ಜಾಸ್ಮಿನ ಎಲ್ಲವನ್ನೂ ಕೇಳಿ ಕೊನೆಗೊಂದು ಮಾತು ಹೇಳುತ್ತಿದ್ದಳು: "ಮಿಸ್ ಕಾಲ್ ಸಾಲಂಗಿಲ್ರಿ. ಸೋಮವಾರ ಮುಂಜಾನಿ ಸ್ಟ್ಯಾಂಡಿಗೆ ಬಂದು ನಿಂದರ್ರಿ."

ಎರಡು ಸಂಜೆ ಹೀಗೇ ನಡೆಯಿತು. ಮೂರನೆಯ ದಿನ ಗೌಸಸಾಬ ಕೆಂಡವಾಗಿ ಮನೆಗೆ ಬಂದ.

"ಕಂಡ ಕಂಡ ಗಂಡಸರೆಲ್ಲ ನನಗ ಫೋನ್ ಹಚ್ಚಿ ಜಾಸ್ಮಿನ ಅದಾಳೇನ್ರಿ ಅಂತ ಕೇಳಾಕತ್ತಾರ! ಮಾನ ಹರಾಜ ಹಾಕಿಯೇನ?"

ಜಾಸ್ಮಿನ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಹೇಳಿದಳು: "ಅವ್ರು ಮಿಸ್ ಕಾಲ್ ಕೊಟ್ಟಿದ್ರು ಅಬ್ಬಾ. ತಿರುಗಿ ಹಚ್ಚೀನಿ. ನೀವು ಹಚ್ಚೂದಿಲ್ಲೇನ?"

ಗೌಸಸಾಬ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. "ಹೌದ್ರಿ, ಸೋಮವಾರ!" ಎಂದು ಗದರಿ ಇಟ್ಟ. ಮುಂದಿನ ಫೋನಿಗೆ ಗದರಿಕೆ ಇಳಿಯಿತು. ರವಿವಾರದ ಹೊತ್ತಿಗೆ ಅವನೇ, "ಜಲ್ದಿ ಬರ್ರಿ ಮತ್ತ, ಬಸ್ಸ ಯಾರನ್ನೂ ಕಾಯಂಗಿಲ್ಲ" ಎಂದು ತಾಕೀತು ಮಾಡುತ್ತಿದ್ದ.

ಸೋಮವಾರ ಸ್ಟ್ಯಾಂಡಿನಲ್ಲಿ ಜಾಗ ಸಾಲದೆ ಜನ ರಸ್ತೆಗೆ ಚೆಲ್ಲಿದ್ದರು. ಡ್ರೈವರ ದೂರದಿಂದಲೇ ಹಾರ್ನು ಹೊಡೆದ. ಯಾರೂ ಸರಿಯಲಿಲ್ಲ. ಬಸ್ಸು ನಿಂತಿತು. ಕಂಡಕ್ಟರನೊಂದಿಗೆ ಒಂದಿಷ್ಟು ಜಟಾಪಟಿಯಾಗಿ, ಇನ್ನು ಮೇಲೆ ದಿನಾ ನಿಲ್ಲಿಸುತ್ತೇವೆಂದು ಅವನ ಬಾಯಿಂದ ಬಂದಮೇಲೆಯೇ ಜನ ಹತ್ತಿದ್ದು. ಜಾಸ್ಮಿನಳ ಖುಷಿ ಹೇಳತೀರದು. ಆದರೆ ಆಕೆಯ ಕಣ್ಣು ಹುಡುಕುತ್ತಿದ್ದ ಮುಖ ಮಾತ್ರ ಗುಂಪಿನಲ್ಲಿರಲಿಲ್ಲ.

"ಇವತ್ತ ಊರಿಗೆ ಊರ ಬಸ್ಸಿನ್ಯಾಗ ಐತಿ, ಹೋಗು," ಎಂದ ಗೌಸಸಾಬ ಮೆಲ್ಲಗೆ. "ನಾಳಿ ನಿನ್ನ ಜೋಡಿ ಯಾರು?"

ಬಸ್ಸಿನೊಳಗೆ ಕಿಟಕಿಯ ಪಕ್ಕ, ಮಡಿಲಲ್ಲಿ ಸಂತೆಯ ಚೀಲ ಇಟ್ಟುಕೊಂಡು ಪುಂಡಲೀಕಪ್ಪ ಕೂತಿದ್ದ. ಜಾಸ್ಮಿನ ನೇರ ಅವನ ಮುಂದೆ ಹೋಗಿ ನಿಂತಳು.

"ಕಾಕಾ, ಶಿವಲಕ್ಷ್ಮಿ ಎಲ್ರಿ?"

"ಮನ್ಯಾಗ ಅದಾಳವಾ."

"ಬಸ್ಸ ಬಂತಲ್ರಿ."

"ಬಂತ ಬಂತ. ನಾನೂ ಮಿಸ್ ಕಾಲ್ ಕೊಟ್ಟಿದ್ನಲ್ಲ."

"ಬಸ್ಸಿಗೆ ಕೊಟ್ರಿ ಕಾಕಾ. ಅಕಿ ಸಲುವಾಗಿ ಏನ ಕೊಟ್ರಿ?"

ಸುತ್ತಲಿನವರು ಇತ್ತ ತಿರುಗಿದರು. ಪುಂಡಲೀಕಪ್ಪ ಕಿಟಕಿಯಾಚೆ ಮುಖ ಮಾಡಿದ. ಬಸ್ಸಿಲ್ಲವೆಂಬ ನೆಪವೂ ಈಗ ಅವನಿಗಿರಲಿಲ್ಲ. ಜಾಸ್ಮಿನಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಳು ಬಂತು. ಅವನ ಎದುರಿನ ಸೀಟಿನಲ್ಲಿ ಕೂತು, ಪಕ್ಕದ ಜಾಗದಲ್ಲಿ ಪುಸ್ತಕದ ಬ್ಯಾಗು ಇಟ್ಟಳು. ಬಸ್ಸು ಹೊರಟಿತು. ಕಂಬಿ ಹಿಡಿದು ನಿಂತಿದ್ದ ಮುತ್ತವ್ವ ಬ್ಯಾಗನ್ನೇ ನೋಡಿದಳು.

"ಇಲ್ಲಿ ಯಾರರ ಬರಾವ್ರು ಅದಾರೇನ ಬೇ?"

"ನೀವು ಇವತ್ತ ಕುಂಡ್ರಿ ಆಯಿ," ಎಂದು ಜಾಸ್ಮಿನ ಬ್ಯಾಗನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಪುಂಡಲೀಕಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ನಾಳಿಂದ ಇದು ಶಿವಲಕ್ಷ್ಮಿ ಸೀಟು."